ಎಂಬತ್ತೇಳನೆಯ ಪುಟ

ನೀರು ಸರಬರಾಜು ಕಚೇರಿಯ ಹಳೆಯ ದೂರು ಪುಸ್ತಕವನ್ನು ದಾಖಲೆ ಕೋಣೆಯ ಅಕ್ಕ ಯಂತ್ರದ ಮೇಲೆ ಉಲ್ಟಾ ಇಟ್ಟು ಸ್ಕ್ಯಾನ್ ಮಾಡಿ ಕಳಿಸಿದ್ದರು. ತೆರೆದರೆ ಅಕ್ಷರಗಳೆಲ್ಲ ತಲೆಕೆಳಗು. ಇನ್ನೂರು ಪುಟಗಳನ್ನು ಒಂದೊಂದಾಗಿ ತಿರುಗಿಸುತ್ತ ಕೂರುವ ತಾಳ್ಮೆ ನನಗೆಲ್ಲಿಂದ ಬರಬೇಕು? ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಕಮಾಂಡ್ ಟೈಪ್ ಮಾಡಿದೆ: ಎಲ್ಲ ಪುಟ, ನೂರ ಎಂಬತ್ತು ಡಿಗ್ರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಸ್ತಕ ನೆಟ್ಟಗಾಯಿತು.

ಎಂಬತ್ತೇಳನೆಯ ಪುಟ ಮಾತ್ರ ಈಗ ತಲೆಕೆಳಗಾಗಿತ್ತು! ಮೂಲ ಫೈಲಿನಿಂದ ಮತ್ತೆ ಓಡಿಸಿದೆ. ಅದೇ ರಾಗ, ಅದೇ ಹಾಡು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗಬಾರದೆಂದು, ಕಮಾಂಡನ್ನು ಬೈಯುವ ಮೊದಲು ಪುಸ್ತಕವನ್ನೇ ನೋಡಲು ದಾಖಲೆ ಕೋಣೆಗೆ ಹೋದೆ. ಹೊಲಿದ ಪುಸ್ತಕ, ನಡುವಿನ ಒಂದು ಪುಟ ತಿರುಗುವುದಾದರೂ ಹೇಗೆ? ತಿರುಗಿದ್ದು ಬರವಣಿಗೆ. ಮಿಕ್ಕ ಪುಟಗಳಲ್ಲಿ ಗುಮಾಸ್ತರ ಕೈಬರಹ, ಇದರಲ್ಲಿ ಬೇರೆ ಯಾರದೋ.

“ಯಾರದಕ್ಕಾ ಇದು?”

“ನಂದೇ. ಆಗಿನ್ನೂ ಇಲ್ಲಿ ಕೆಲಸಕ್ಕೆ ಸೇರಿರ್ಲಿಲ್ಲ. ಹನ್ನೊಂದು ದಿನದಿಂದ ನಲ್ಲಿ ಒಣಗಿದೆ ಅಂದ್ರೆ, ಆ ಮಹಾನುಭಾವ ‘ನೀರು ತಡ’ ಅಂತ ಬರ್ಕೊಂಡ. ಮೈಯೆಲ್ಲ ಉರಿದುಹೋಯ್ತು. ಪೆನ್ನು ಕಿತ್ಕೊಂಡೆ, ಅವನ ಕಡೆಗಿದ್ದ ಪುಸ್ತಕ ತಿರುಗಿಸದೆ, ಕೌಂಟರಿನ ಹೊರಗೆ ನಿಂತ್ಕೊಂಡೇ ಮುಂದಿನ ಪುಟ ಪೂರ್ತಿ ಬರೆದೆ.”

“ಈ ಒಂದು ಪುಟ ನೆಟ್ಟಗೆ ಮಾಡ್ಲಾ?”

ಅಕ್ಕ ಪುಸ್ತಕ ಮುಚ್ಚಿದರು.

“ಬೇಡಪ್ಪ. ನಾನೂ ಒಳಗೆ ಕೂತು ಬರೆದ ಹಾಗೆ ಕಾಣುತ್ತೆ.”