ಬಂದಿಳಿದ ದಿನ

ಸ್ಟ್ರಾ ತಳ ಮುಟ್ಟಿ ಗೊರ್ ಎನ್ನುತ್ತದೆ, ಪರೀಕ್ಷಕರಿಗೆಂದು ವಿಭಾಗದವರು ಎಳನೀರಿನ ಬೊಂಡ ತರಿಸಿದ್ದಾರೆ, ಸಿಸಿಲಿಯಾ ಮೇಡಂ ಬಾಯೊರೆಸಿಕೊಂಡು ನನ್ನ ಪಿಎಚ್‌ಡಿ ಪ್ರಬಂಧದ ನಲವತ್ತೊಂದನೇ ಪುಟದ ಮೇಲೆ ಬೆರಳಿಟ್ಟಿದ್ದಾರೆ — ಫುಟ್‌ಬಾಲಿನ ಸೌಹಾರ್ದ ಪಂದ್ಯಕ್ಕೆ ಮೊದಲು ರಾಷ್ಟ್ರೀಯ ತಂಡ ಒಟ್ಟಿಗೆ ಕಳೆದ ದಿನಗಳು, ಸರಿ, ಆದರೆ ಆಟಗಾರರು ಬಂದಿಳಿದ ದಿನವನ್ನು ಎಂತಕ್ಕೆ ಲೆಕ್ಕಕ್ಕೆ ಹಿಡಿಯಲಿಲ್ಲ? ಉತ್ತರ ಗೊತ್ತುಂಟು, ಆ ದಿನ ಅವರು ಮಲಗುತ್ತಾರೆ, ಅಭ್ಯಾಸ ಮಾರನೆಯ ದಿನದಿಂದ, ಇದನ್ನು ಹೇಳಿಕೊಟ್ಟದ್ದೇ ನನ್ನ ಗಂಡ ಹರ್ಷಿತ್, ಕಾಪುವಿನ ಕಡಲ ಬದಿಯಲ್ಲಿ ಸ್ಟ್ರಾದ ತುದಿ ಕಚ್ಚುತ್ತಾ — ವಿಶ್ವಕಪ್ ಎಲ್ಲರೂ ನೋಡ್ತಾರೆ, ಸೌಹಾರ್ದ ಪಂದ್ಯ ಯಾರಿಗೆ ಬೇಕು, ನೀನು ಅದನ್ನೇ ಹಿಡಿ ಮಾರಾಯ್ತಿ, ನಮ್ಮ ಕಾಪುವಿನ ಟೀಮು ನೋಡು, ಮ್ಯಾಚಿನ ದಿನವೇ ಒಬ್ಬರ ಮುಖ ಒಬ್ಬರು ನೋಡುವುದು, ಮತ್ತೆ ಸೋಲದೆ ಎಂತ ಮಾಡುವುದು. ನಕ್ಕೆ. ಹಿಡಿದೆ. ಒಂದು ದಿನ ಹೆಚ್ಚು ಸಿಕ್ಕ ತಂಡ ಕೊನೆಯ ಇಪ್ಪತ್ತು ನಿಮಿಷ ಹೇಗೆ ಬೇರೆಯಾಗಿ ಆಡುತ್ತದೆಂದು ಒಂದು ಅಧ್ಯಾಯವನ್ನೇ ಬರೆದೆ, ಒಂದು ದಿನ, ಅದರ ಬೆಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು.

ಆರು ತಿಂಗಳ ಹಿಂದೆ ಒಂದು ಸೋಮವಾರ ಉಡುಪಿಯ ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ದನಿ ತಗ್ಗಿಸಿದರು, ಹರ್ಷಿತರ ಲಿವರ್ ಕೈಬಿಟ್ಟಿದೆ, ಐದು ದಿನ ಅಂತ ಇಟ್ಟುಕೊಳ್ಳಿ, ಮನಸ್ಸು ಸಿದ್ಧ ಮಾಡಿಕೊಳ್ಳಿ. ನನಗೆ ಅಳು ಬರಲಿಲ್ಲ. ಶುಕ್ರವಾರ ಪ್ರಬಂಧ ಒಪ್ಪಿಸುವ ಕೊನೆಯ ದಿನ, ನಾನು ಬೆರಳು ಮಡಚಿದೆ, ಸೋಮವಾರವನ್ನು ಬಿಟ್ಟು, ಅಭ್ಯಾಸಬಲದಿಂದ ಬಿಟ್ಟು, ಮಂಗಳ ಬುಧ ಗುರು ಶುಕ್ರ ಶನಿ — ಶನಿವಾರ ಪೂರ್ತಿ ಅವನಿಗೆ, ಹಾಗೆ ಎಣಿಸಿ ಸಮಾಧಾನಪಟ್ಟೆ, ಹೌದು, ಸಮಾಧಾನ, ಆ ಶಬ್ದವನ್ನು ಯಾರೆದುರೂ ಹೇಳಿಲ್ಲ. ಗಂಡನನ್ನು ಅತ್ತೆಯ ಕೈಗೆ ಬಿಟ್ಟು ಮಣಿಪಾಲದ ಗುಡ್ಡ ಹತ್ತಿದೆ, ಬಸ್ಸಿನಲ್ಲಿ ಹತ್ತು ನಿಮಿಷ, ಮತ್ತೆ ನಾಲ್ಕು ದಿನ ಇಳಿಯಲಿಲ್ಲ. ಹೆಂಡತಿ ಓದಿ ಮುಗಿಸಲಿ, ಫೋನು ಮಾಡಬೇಡ ಎಂದನಂತೆ ಅಮ್ಮನಿಗೆ. ಶುಕ್ರವಾರ ಸಂಜೆ ರಟ್ಟು ಹಾಕಿದ ಪ್ರತಿ ಒಪ್ಪಿಸಿ ಇಳಿದು ಬಂದರೆ ಮಂಚದ ಹಾಸು ಮಡಚಿದ್ದರು. ಮಧ್ಯಾಹ್ನವೇ ಹೋಗಿದ್ದ. ಅತ್ತೆ ಬಯ್ಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು, ಮೇಜಿನ ಮೇಲಿದ್ದ ಬೊಂಡ ಎತ್ತಿ ನನ್ನ ಕೈಗಿಟ್ಟರು — ಅವ ಒಂದೇ ಗುಟುಕು ಕುಡಿದದ್ದು ಮಗಾ, ಉಳಿದದ್ದು ಅವಳಿಗೆ ಇರಲಿ ಹೇಳಿದ.

ಮೇಡಂ ಕಾಯುತ್ತಿದ್ದಾರೆ, ಗಾಬರಿ ಬೇಡ, ನಿಧಾನ ಹೇಳಿ ಎನ್ನುತ್ತಾರೆ, ಬಂದಿಳಿದ ದಿನ, ಬಂದಿಳಿದ ದಿನವೂ ದಿನವೇ ಮೇಡಂ, ಬಾಯಿ ತೆರೆಯುತ್ತೇನೆ, ಅಂದು ಕೈಯಲ್ಲಿ ಬೊಂಡ ಭಾರವಾಗಿತ್ತು, ನೀರು ತುಳುಕುತ್ತಿತ್ತು, ಸ್ಟ್ರಾ, ಅದರ ತುದಿ, ಕಚ್ಚಿ ಚಪ್ಪಟೆಯಾದ ತುದಿ —