ಪ್ಯಾರಾದಲ್ಲಿ ಇಲ್ಲದ ಉತ್ತರ

ಸೂಟ್‌ಕೇಸು, ಅದು ಗೊತ್ತು, ಡೋರ್ ಗೊತ್ತು, ಬೆಲ್ ಗೊತ್ತು, ಗೊತ್ತಿರುವ ಇಂಗ್ಲಿಷ್ ಪದಗಳು ಅಲ್ಲೊಂದು ಇಲ್ಲೊಂದು ಕೂತಿವೆ, ನಡುವಿನವು ಇರುವೆಗಳ ಹಾಗೆ ಹರಿದಾಡುತ್ತಿವೆ, ಒಂದರ ಮೇಲೆ ಬೆರಳಿಟ್ಟರೆ ಇನ್ನೊಂದು ಜಾರಿಕೊಳ್ಳುತ್ತದೆ — ಬೆರಳಿಡಬೇಡಮ್ಮಾ, ಬೆರಳಿಟ್ಟು ಓದೋರು ಒಂದನೇ ಕ್ಲಾಸಿನೋರು, ಎಂದು ಮಗಳು ನೂರು ಸಲ ಹೇಳಿದ್ದಾಳೆ, ಆದರೂ ಬೆರಳು ತಾನಾಗಿಯೇ ಹೋಗುತ್ತದೆ, ಇಪ್ಪತ್ತು ವರ್ಷ ಆಸ್ಪತ್ರೆಯ ಕತ್ತರಿ ಚಿಮಟಗಳನ್ನು ತೊಳೆದು, ಒರೆಸಿ, ಟ್ರೇಯಲ್ಲಿ ಜೋಡಿಸಿದ ಬೆರಳು ಅದು, ಮುಟ್ಟದೆ ಅದಕ್ಕೆ ಏನೂ ತಿಳಿಯುವುದಿಲ್ಲ. ಮೇಜಿನ ಮೇಲಿನ ಮೊಬೈಲಿನಲ್ಲಿ ಅಂಕಿಗಳು ಹಿಂದಕ್ಕೆ ಓಡುತ್ತಿವೆ, ಹದಿನಾಲ್ಕು ನಿಮಿಷ ಚಿಲ್ಲರೆ, ಮಗಳೇ ಇಟ್ಟು ಹೋದದ್ದು, ನಾನು ಬಟ್ಟೆ ಒಗೆದು ಬರೋದರೊಳಗೆ ಒಂದು ಪ್ಯಾರಾ, ಐದು ಪ್ರಶ್ನೆ, ಮುಗಿಸಿರಬೇಕು, ನಾಳೆ ನಿನಗೆ ಅಂತ ಯಾರೂ ಗಡಿಯಾರ ನಿಲ್ಲಿಸಲ್ಲ, ಎಂದಿದ್ದಳು. ನಾಳೆ, ಹತ್ತು ಗಂಟೆಗೆ ಪರೀಕ್ಷೆ. ಪಾಸಾದರೆ ಅದೇ ಕೋಣೆ, ಅದೇ ಉಗಿಯ ಬಿಸಿ, ಅದೇ ಸ್ಟೀಲಿನ ಸದ್ದು, ಆಗದಿದ್ದರೆ ನೆಲ ಒರೆಸುವವರ ಜೊತೆ — ಹೊಸ ಯಂತ್ರ ಬಂದಿದೆ, ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ, ಓದಿ ಅರ್ಥ ಮಾಡಿಕೊಳ್ಳಲಾಗದವರು ಅದನ್ನು ಮುಟ್ಟುವಂತಿಲ್ಲ, ಬೇಜಾರು ಮಾಡ್ಕೋಬೇಡಿ, ನಿಮ್ಮ ಕೈ ಮೇಲೆ ನನಗೆ ಅನುಮಾನ ಇಲ್ಲ, ಮೇಲಿನವರು ಕಾಗದ ಕೇಳ್ತಾರೆ, ಎಂದಿದ್ದರು ಹೆಡ್‌ಸಿಸ್ಟರ್, ಹೇಳುವಾಗ ಅವಳ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಬಾಗಿದ ಕತ್ತರಿ ಯಾವುದು ನೆಟ್ಟಗಿನದು ಯಾವುದು ಎಂದು ಕಣ್ಣು ಮುಚ್ಚಿ ಹೇಳುವವಳು ಅವಳು, ಅವಳಿಗೆ ಈಗ ಪರೀಕ್ಷೆ, ಅದೂ ಯಾರದೋ ಊರಿನ ಯಾವಳೋ ಹೆಂಗಸು ಬಾಗಿಲ ಮುಂದೆ ಸೂಟ್‌ಕೇಸು ಹಿಡಿದು ನಿಂತ ಕಥೆಯಲ್ಲಿ.

ಮೊದಮೊದಲು ಸುಲಭದ ಉಪಾಯ ಒಂದು ಸಿಕ್ಕಿತ್ತು, ಯಾರೂ ಹೇಳಿಕೊಟ್ಟದ್ದಲ್ಲ, ಪ್ರಶ್ನೆಯಲ್ಲಿರುವ ದೊಡ್ಡ ಪದವನ್ನು ಹಿಡಿ, ಅದೇ ಪದ ಪ್ಯಾರಾದಲ್ಲಿ ಎಲ್ಲಿದೆ ಹುಡುಕು, ಆ ಸಾಲನ್ನು ಹಾಗೆಯೇ ಇಳಿಸು, ಥೇಟ್ ಚಿಮಟಕ್ಕೆ ಚಿಮಟ ಜೋಡಿಸಿದ ಹಾಗೆ, ಅರ್ಥದ ಗೊಡವೆಯೇ ಬೇಡ, ಐದಕ್ಕೆ ಮೂರು ಸರಿ. ಉಳಿದ ಎರಡರಲ್ಲೇ ಕುತ್ತಿಗೆಗೆ ಬರುವುದು, ಯಾಕೆ ಎಂದು ಕೇಳುವ ಪ್ರಶ್ನೆ, ನಿನಗೆ ಹೇಗೆ ಗೊತ್ತು ಎಂದು ಕೇಳುವ ಪ್ರಶ್ನೆ, ಅಲ್ಲಿ ಇಳಿಸುವುದಕ್ಕೆ ಸಾಲೇ ಇರುವುದಿಲ್ಲ, ಆಗ ಅವಳು ಸ್ವಂತದ್ದು ಸೇರಿಸುತ್ತಾಳೆ. ಹೋದ ವಾರ ಕೊಡೆ ಮರೆತ ಮನುಷ್ಯನ ಪಾಠ, ಅವನು ಯಾಕೆ ನಕ್ಕ, ಹೆಂಡತಿ ಬೈದದ್ದು ಬೇರೆಯವರಿಗೆ ತಿಳಿಯದಿರಲಿ ಅಂತ ಎಂದು ಬರೆದಿದ್ದಳು, ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಮ್ಮಾ, ಆ ಮನುಷ್ಯನಿಗೆ ಮದುವೇನೇ ಆಗಿಲ್ಲ! ಆಗಿಲ್ಲ ಅಂತ ಎಲ್ಲಿ ಬರೆದಿದೆ? ಆಗಿದೆ ಅಂತ ಎಲ್ಲಿ ಬರೆದಿದೆ? ನೀನು ಪ್ಯಾರಾ ಓದ್ತಾ ಇಲ್ಲ, ಪಕ್ಕದ ಮನೆ ಜಗಳ ಕೇಳ್ತಾ ಇದೀಯ. ಹುಡುಗಿಯ ನಾಲಿಗೆ ಬಲು ಚುರುಕು, ಅತ್ತೆಯಿಂದ ಬಂದದ್ದು, ಅತ್ತೆ ತೀರಿಕೊಂಡು ಆರು ವರ್ಷವಾದರೂ ನಾಲಿಗೆ ಮಾತ್ರ ಮನೆಯಲ್ಲೇ ಉಳಿದಿದೆ — ಹನ್ನೆರಡು ನಿಮಿಷ. ಓದು. ಹೆಂಗಸು ಬಸ್ಸಿನಿಂದ ಇಳಿದಳು, ತಂಗಿಯ ಮನೆಯವರೆಗೆ ನಡೆದಳು. ತಂಗಿ ಅಂತಲೇ ಇದೆಯೇ, ಸಿಸ್ಟರ್ ಅಂದರೆ ಅಕ್ಕನೂ ಆಗಬಹುದು, ಇವರ ಭಾಷೆಯಲ್ಲಿ ಹಿರಿಯರೂ ಕಿರಿಯರೂ ಒಂದೇ, ಯಾರು ಯಾರನ್ನು ನೋಡಿಕೊಳ್ಳಬೇಕಿತ್ತು ಎಂಬುದೇ ತಿಳಿಯುವುದಿಲ್ಲ. ಸಂಜೆಯಾಗಿತ್ತು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಅವಳು ಬೆಲ್ ಕಡೆಗೆ ಕೈ ಎತ್ತಿದಳು, ಒತ್ತಲಿಲ್ಲ. ಸ್ವಲ್ಪ ಹೊತ್ತು ನಿಂತು ಹೊರಟುಹೋದಳು. ಅಷ್ಟೇ ಪಾಠ, ಹತ್ತು ಸಾಲು. ಯಾವ ಪುಣ್ಯಾತ್ಮ ಬರೆದನೋ, ಅವನಿಗೆ ಬೇರೆ ಕಥೆ ಸಿಗಲಿಲ್ಲವೇ, ಹಡಗಿನದೋ ಆನೆಯದೋ.

ಮೊದಲ ಮೂರು ಉತ್ತರ ಆಯಿತು, ಹೇಗೆ ಬಂದಳು, ಕೈಯಲ್ಲಿ ಏನಿತ್ತು, ಯಾರ ಮನೆ, ಸಾಲು ಹುಡುಕಿ ಇಳಿಸಿದ್ದು. ನಾಲ್ಕನೆಯದು, ಅವಳು ಯಾಕೆ ಬೆಲ್ ಒತ್ತಲಿಲ್ಲ, ಕೆಳಗೆ ನಾಲ್ಕು ಆಯ್ಕೆ, ಬೆಲ್ ಕೆಟ್ಟಿತ್ತು, ಮನೆ ತಪ್ಪಿತ್ತು, ಅವಳಿಗೆ ಅವಸರವಿತ್ತು, ಅವಳು ಮನಸ್ಸು ಬದಲಾಯಿಸಿದಳು. ಮನಸ್ಸು ಬದಲಾಯಿಸಿದಳು, ಎಷ್ಟು ಸಲೀಸು, ಸೀರೆ ಬದಲಾಯಿಸಿದ ಹಾಗೆ. ತನ್ನ ಸ್ವಂತ ಅಕ್ಕನೂ ಒತ್ತಲಿಲ್ಲ. ಹನ್ನೊಂದು ವರ್ಷದ ಹಿಂದೆ, ಸಂಜೆಯಲ್ಲ, ಮಧ್ಯಾಹ್ನ, ತಾನು ಬೆಳಗಿನ ಡ್ಯೂಟಿ ಮುಗಿಸಿ ಬಂದು ಚಪ್ಪಲಿಯನ್ನು ಬಾಗಿಲ ಹೊರಗೆ ಹೇಗೆಂದರೆ ಹಾಗೆ ಕಳಚಿ ಎಸೆದು, ಒಂದು ಮಗುಚಿ ಬಿತ್ತು, ಒಂದು ಗೋಡೆಗೆ ಮುಖ ಮಾಡಿತು, ಒಳಗೆ ಬಂದು ಅಡ್ಡಾಗಿದ್ದಳಷ್ಟೆ, ಅತ್ತೆ ಗೊರಕೆ ಹೊಡೆಯುತ್ತಿದ್ದರು, ಮಗಳು ಸ್ಕೂಲಿನಲ್ಲಿ. ಗೇಟಿನ ಸದ್ದಾಯಿತು, ಪರದೆಯ ಸಂದಿಯಲ್ಲಿ ನೋಡಿದರೆ ಅಕ್ಕ, ಬಲಗೈಯಲ್ಲಿ ಸೂಟ್‌ಕೇಸು, ಕೆನ್ನೆ ಒಂದು ಕಡೆ ಊದಿದ ಹಾಗೆ. ಹಿಂದಿನ ದಿನವೇ ಭಾವ ಫೋನು ಮಾಡಿದ್ದರು, ನಿಮ್ಮಕ್ಕ ಅಲ್ಲಿಗೇನಾದ್ರೂ ಬಂದ್ರೆ ಬಾಗಿಲಿಂದಾನೇ ವಾಪಸ್ ಕಳ್ಸಮ್ಮ, ಮನೆ ಮಾತು ಮನೇಲಿರ್ಲಿ, ನಗುನಗುತ್ತಲೇ ಹೇಳಿದ್ದರು. ಅಂದು ರಾತ್ರಿ ಗಂಡ ತಟ್ಟೆಯಿಂದ ತಲೆಯೆತ್ತದೆ, ಇರೋದು ಒಂದೂವರೆ ಕೋಣೆ, ಒಂದು ಸಲ ಒಳಗೆ ಬಂದ್ರೆ ಆಮೇಲೆ ಹೋಗು ಅನ್ನೋಕೆ ನಿನಗೆ ಬಾಯಿ ಬರುತ್ತಾ? ಬರುತ್ತಿರಲಿಲ್ಲ. ಅದಕ್ಕೇ ಅವಳು ಪರದೆಯ ಹಿಂದೆಯೇ ನಿಂತಳು, ಒತ್ತಿದರೆ ತೆಗೆಯುತ್ತೇನೆ, ಒತ್ತಲಿ, ಒತ್ತಿದರೆ ತೆಗೆದೇ ತೆಗೆಯುತ್ತೇನೆ, ದೇವರಾಣೆ. ಅಕ್ಕನ ಎಡಗೈ ಮೇಲೆದ್ದಿತು, ಬೆಲ್ಲಿನ ಹತ್ತಿರ ನಿಂತಿತು. ಆಮೇಲೆ ಅಕ್ಕ ಕೆಳಗೆ ನೋಡಿದಳು. ಬಗ್ಗಿದಳು. ಎದ್ದಳು, ಹೊರಟಳು — ಡಿ ಗೆ ಗುರುತು ಹಾಕು, ಮನಸ್ಸು ಬದಲಾಯಿಸಿದಳು, ಹಾಕಿದಳು, ಪೆನ್ನು ಕಾಗದವನ್ನು ತೂತು ಮಾಡಿತು.

ಒಂಬತ್ತು ನಿಮಿಷ. ಅಮ್ಮಾ ಆಯ್ತಾ? ಬಚ್ಚಲಿನಿಂದ ಬ್ರಷ್ಷಿನ ಸದ್ದಿನ ಜೊತೆ ಬಂತು ಕೂಗು. ಆಗ್ತಿದೆ ಕಣೇ, ಕೂಗಿದ್ರೆ ಇದ್ದದ್ದೂ ಮರೆತು ಹೋಗುತ್ತೆ! ಐದನೆಯದು ಕಷ್ಟದ್ದಮ್ಮಾ, ಉತ್ತರ ಎಲ್ಲೂ ಬರೆದಿರಲ್ಲ, ಎರಡು ಸಾಲು ಹುಡುಕಿ ಪಕ್ಕಪಕ್ಕ ಇಡು, ತಾನೇ ಹೇಳುತ್ತೆ, ನಿನ್ನ ಕಥೆ ಸೇರಿಸಬೇಡ! ಐದನೆಯದು, ಮನೆಯಲ್ಲಿ ಯಾರಾದರೂ ಇದ್ದಾರೆಂದು ಆ ಹೆಂಗಸಿಗೆ ಗೊತ್ತಿತ್ತೇ, ನಿನಗೆ ಹೇಗೆ ಗೊತ್ತು. ಗೊತ್ತಿತ್ತು, ದೀಪ ಉರಿಯುತ್ತಿತ್ತಲ್ಲ, ಇದೇನು ಕಬ್ಬಿಣದ ಕಡಲೆ, ಯೆಸ್ ಎಂದು ಬರೆದಳು, ದೀಪ, ಅದರ ಸಾಲು ಎಲ್ಲಿ, ಮೂರನೆಯದು — ಅವಳ ಮನೆಯಲ್ಲಿ ದೀಪ ಇರಲಿಲ್ಲ. ಮಟಮಟ ಮಧ್ಯಾಹ್ನ, ಪರದೆ ಎಳೆದಿತ್ತು, ರೇಡಿಯೋ ಕೂಡ ಇಲ್ಲ, ಅಕ್ಕನಿಗೆ ಹೇಗೆ ಗೊತ್ತಾಗಬೇಕು, ಯಾರೂ ಇಲ್ಲ ಅಂದುಕೊಂಡು ಹೋದಳು, ಹನ್ನೊಂದು ವರ್ಷ ಅವಳು ತನಗೆ ತಾನೇ ಹೀಗೆ ಹೇಳಿಕೊಂಡು ಬಂದಿದ್ದಾಳೆ, ಅಕ್ಕನೂ ಒಂದು ದಿನವೂ ಆ ಮಾತೆತ್ತಿಲ್ಲ, ಭಾನುವಾರ ಭಾನುವಾರ ಫೋನು ಮಾಡುತ್ತಾಳೆ, ಹೇಗಿದ್ದೀಯೇ, ಕಾಲು ನೋವು ಕಡಿಮೆಯಾಯ್ತಾ, ನಿಂತೇ ಕೆಲಸ ಮಾಡಬೇಡ ಕಣೇ, ತಡಿ ಈ ಕಿವಿಗೆ ಹಿಡ್ಕೋತೀನಿ. ಈ ಕಿವಿ ಅಂದರೆ ಎಡದ್ದು. ಬಲಗಿವಿಗೆ ಏನಾಯಿತು ಎಂದು ಅವಳು ಕೇಳಿಲ್ಲ. ಯಾರೂ ಇಲ್ಲ ಅಂದುಕೊಂಡಳು, ಅದಕ್ಕೇ ಬಗ್ಗಿ ಸೂಟ್‌ಕೇಸು ಎತ್ತಿಕೊಂಡು ಹೊರಟಳು. ಸೂಟ್‌ಕೇಸು. ಅದನ್ನು ಅಕ್ಕ ಕೆಳಗೆ ಇಟ್ಟಿರಲೇ ಇಲ್ಲ. ಬಲಗೈಯಲ್ಲಿ ಸೂಟ್‌ಕೇಸು, ಎಡಗೈ ಬೆಲ್ಲಿಗೆ, ಮತ್ತೆ ಬಗ್ಗಿದ್ದು ಯಾಕೆ? ಅದು ಒಂದು ಸಾಲು. ಇನ್ನೊಂದು ಸಾಲು, ಗೇಟು ಹಾಕಿದ ಸದ್ದು ಆದಮೇಲೆ, ಏನಾದರಾಗಲಿ ಎಂದು ಬಾಗಿಲು ತೆಗೆದು ಓಡಿದ್ದು, ಓಡುವ ಮುಂಚೆ ಕಾಲು ಚಪ್ಪಲಿಗೆ ತಡಕಾಡಲಿಲ್ಲ, ಬಗ್ಗಿ ತಿರುಗಿಸಿಕೊಳ್ಳಲಿಲ್ಲ, ಸೀದಾ ಹೋಗಿ ಕೂತಿತು, ತಿರುವಿನವರೆಗೆ ಓಡಿದಳು, ಬಸ್ಸು ಹೋಗಿಬಿಟ್ಟಿತ್ತು. ಮಗುಚಿ ಬಿದ್ದದ್ದು, ಗೋಡೆಗೆ ಮುಖ ಮಾಡಿದ್ದು, ಅದಕ್ಕೆ ಕಾಲು ಸೀದಾ ಹೇಗೆ ಹೋಯಿತು? ಎರಡು ಸಾಲು ಪಕ್ಕಪಕ್ಕ ಇಡು, ತಾನೇ ಹೇಳುತ್ತೆ. ಬೇಡ, ಹೇಳುವುದು ಬೇಡ — ಮೊಬೈಲು ಕಿರುಚಿಕೊಂಡಿತು, ಮಗಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಹೆಗಲ ಮೇಲಿಂದ ಬಗ್ಗಿದಳು, ಪರವಾಗಿಲ್ವೇ, ನಾಲ್ಕೂ ಸರಿ, ಐದನೆಯದೂ ಯೆಸ್ ಸರಿ, ಆದ್ರೆ ಹೇಗೆ ಗೊತ್ತು ಅಂತ ಬರೆದೇ ಇಲ್ವಲ್ಲಮ್ಮಾ, ಅದಕ್ಕೇ ಮಾರ್ಕ್ಸು, ಬರಿ, ಒಂದೇ ಸಾಲು, ಅಮ್ಮಾ, ಏನಾಯ್ತು, ಪೆನ್ನು ಇಲ್ಲೇ ಇದೆ ನೋಡು, ಬರಿ — ಪೆನ್ನು ಕೈಯಲ್ಲಿದೆ, ಬೆರಳು ಯೆಸ್ ಮೇಲೆ ಇದೆ, ಅಲ್ಲಿಂದ ಮುಂದಕ್ಕೆ ಹೋಗುತ್ತಿಲ್ಲ, ಮುಂದೆ ಹೊಸ್ತಿಲು, ಹೊಸ್ತಿಲಾಚೆ ಮಧ್ಯಾಹ್ನದ ಬಿಸಿಲು, ಬಿಸಿಲಿನಲ್ಲಿ ಅವಳ ಎರಡು ಚಪ್ಪಲಿ, ಜೋಡಿಯಾಗಿ, ಒಂದಕ್ಕೊಂದು ತಾಗಿ, ಒಳಗಿಂದ ಬರುವವಳ ಕಾಲಿಗೆ ಸಿಗುವ ಹಾಗೆ ತುದಿ ಬೀದಿಯ ಕಡೆಗೆ ತಿರುಗಿಸಿ ಇಟ್ಟದ್ದು.