ಲಿಚೊ ಕೆಡಿಸಿದ ಬಯಲು

ಒಂದೇ ಒಂದು ಎಳೆ ಮಹಾಗನಿ ಮರವೂ ಇರಲಿಲ್ಲ. ಮಿರಾ ತಾಯಿಮರದ ಸುತ್ತ ಇನ್ನೊಮ್ಮೆ ಹುಡುಕಿದಳು. ಬೆರಳುದ್ದದ ಸಸಿಗಳಿದ್ದವು, ಎಲೆ ಬಿಳಿಚಿಕೊಂಡು ಸಾಯುತ್ತಿದ್ದವು. ಅಷ್ಟೇ.

ಪೆತೆನ್ ಕಾಡಿನ ಈ ಭಾಗವನ್ನು ಊರಿನವರು ಒಂದು ತಲೆಮಾರಿನ ಕಾಲ ಕೊಡಲಿ ಹಾಕದೆ ಬಿಟ್ಟಿದ್ದರು. ಬಲಿತ ಮಹಾಗನಿಗಳನ್ನಷ್ಟೇ ಕಡಿದು, ಬೀಜಕ್ಕೆಂದು ಅಲ್ಲೊಂದು ಇಲ್ಲೊಂದು ತಾಯಿಮರ ಬಿಟ್ಟು ಹೊರಟವರು, ಮರಿಗಳು ಮರವಾದ ಮೇಲೆ ಬರೋಣ ಅಂದುಕೊಂಡಿದ್ದರು. ಮೇಷ್ಟ್ರ ಸಂಬಳ, ನರ್ಸಮ್ಮನ ಔಷಧಿ ಎಲ್ಲ ಬರುವುದು ಮಹಾಗನಿಯಿಂದಲೇ. ಈಗ ಊರಿನ ಕಾಡು ಸಂಘಕ್ಕೆ ಮಿರಾ ಅಧ್ಯಕ್ಷೆ. ನಾಳೆ ಸಭೆ. ಕಾಡು ಸುಟ್ಟು ದನ ಬಿಡೋಣ ಅನ್ನುವವರು ಅವಳ ಬಾಯಿಂದ "ಮರಿಗಳಿಲ್ಲ" ಅನ್ನುವ ಮಾತು ಬೀಳುವುದನ್ನೇ ಕಾಯುತ್ತಿದ್ದರು.

"ಸರಿಯಾಗಿ ನೋಡೇ! ಇದು ನಾನು ಕಡಿದ ಜಾಗ," ಅಂದ ಅವಳ ಅಪ್ಪ ಮಕಾರಿಯೊ. "ಒಂದು ಬಳ್ಳಿ ಹರೀಲಿಲ್ಲ, ಒಂದು ಗೂಡು ಬೀಳ್ಲಿಲ್ಲ. ಗರಗಸ ಹಿಡಿದೋರಿಗೆಲ್ಲ ನಾನೇ ಹೇಳ್ಕೊಟ್ಟಿದ್ದು."

"ಅದಕ್ಕೇ ಅಲ್ವಾ ಅಪ್ಪ, ತಲೆ ಎತ್ತಿದ್ರೆ ಆಕಾಶಾನೇ ಕಾಣ್ತಿಲ್ಲ!"

ಹಿಂದೆ ತೋರ್ತಿಯಾ ರೊಟ್ಟಿ ಅಗಿಯುತ್ತಿದ್ದ ಲಿಚೊ ನಕ್ಕ. ಅವನು ಹಳೇ ಬುಲ್ಡೋಜರ್ ಡ್ರೈವರ್. ಇಲ್ಲಿ ಮರ ಕಡಿದಾಗ ದಿಮ್ಮಿ ರಾಶಿ ಹಾಕಲು ಬೇಕಾದದ್ದಕ್ಕಿಂತ ಎಷ್ಟೋ ದೊಡ್ಡ ಬಯಲು ಮಾಡಿಟ್ಟಿದ್ದ. ಮಕಾರಿಯೊ ಅದನ್ನು ಇವತ್ತಿಗೂ ಮರೆತಿಲ್ಲ.

"ನಗ್ತಾನೆ ನೋಡು, ಕಾಡಿನ ತಲೆ ಬೋಳಿಸಿದ ಕ್ಷೌರಿಕ."

"ಜ್ವರ ಇತ್ತು ಮಾರಾಯ, ರಿವರ್ಸ್ ಯಾವುದು, ಮುಂದಕ್ಕೆ ಯಾವುದು ಗೊತ್ತಾಗ್ಲಿಲ್ಲ. ಎಷ್ಟು ವರ್ಷ ಬೈತೀಯ?"

"ನೀನು ಸಾಯೋವರ್ಗೂ."

"ಆ ಬಯಲು ಎಲ್ಲಿ ಲಿಚೊ ಮಾವ?" ಅಂದಳು ಮಿರಾ. ಅಲ್ಲಿ ಏನಾಗಿದೆ ಅಂತಲೂ ನೋಡಿಯೇ ಹೋಗಬೇಕು ಅನ್ನಿಸಿತ್ತು. ನಾಳೆ ಯಾರಾದರೂ ಕೇಳಿದರೆ?

ಮುಂದೆ ನಡೆದ ಲಿಚೊ ದಾರಿ ತಪ್ಪಿದ. ಮಕಾರಿಯೊ ಮತ್ತೆ ಬೈದ. ಕೊನೆಗೆ ಪೊದೆಯೊಂದನ್ನು ಸರಿಸಿದ ಮಿರಾ "ಅಯ್ಯೋ!" ಅಂತ ಕಿರುಚಿದಳು.

"ಏನೇ, ಹಾವಾ?" ಅಪ್ಪ ಮಚ್ಚು ಎತ್ತಿಕೊಂಡು ಓಡಿಬಂದ.

ಹಾವಲ್ಲ. ಮಹಾಗನಿ. ಲಿಚೊ ಮಾಡಿದ ಬಯಲಿನ ಗುರುತೇ ಇಲ್ಲದಂತೆ ಒತ್ತೊತ್ತಾಗಿ, ನೆಟ್ಟಗೆ, ತೊಡೆ ಗಾತ್ರದ್ದು, ಸೊಂಟದ ಗಾತ್ರದ್ದು. ಮಿರಾ ಒಂದನ್ನು ತಬ್ಬಿದಳು. ಎರಡೂ ತೋಳು ತುಂಬಿತು.

"ನಾನೇನೂ ನೆಟ್ಟಿಲ್ಲ, ದೇವರಾಣೆ," ಅಂದ ಲಿಚೊ, ಮತ್ತೆ ತಪ್ಪು ತನ್ನದೇ ಅನ್ನುವವನ ಹಾಗೆ ಹಿಂದೆ ಸರಿದು.

ಮಕಾರಿಯೊ ಬಯಲಿನ ಅಂಚಿನಲ್ಲಿದ್ದ ತಾಯಿಮರ ನೋಡಿದ, ಮೇಲೆ ಬಿಸಿಲು ನೋಡಿದ, ತೊಗಟೆ ಮುಟ್ಟಿದ, ಕೈಯನ್ನು ಸುಟ್ಟುಕೊಂಡವನಂತೆ ಎಳೆದುಕೊಂಡ.

"ಬಿಸಿಲು," ಅಂದಳು ಮಿರಾ. "ಬೀಜ ಎಲ್ಲಾ ಕಡೆ ಬಿದ್ದಿದೆ ಅಪ್ಪ. ಬಿಸಿಲು ಸಿಕ್ಕಿದ್ದು ಇಲ್ಲಿ ಮಾತ್ರ."

"ಹಾಗಾದ್ರೆ ನಾನು... ಊರಿಗೆಲ್ಲ ಕಲಿಸಿದ್ದು..." ಅವನು ಬೇರಿನ ಮೇಲೆ ಕುಸಿದ. ಮಗಳು ಅಪ್ಪನನ್ನು ಹೀಗೆ ನೋಡಿಯೇ ಇರಲಿಲ್ಲ.

"ದನದೋರು ಗೆಲ್ಲಲ್ಲ ಅಪ್ಪ. ತಾಯಿಮರದ ಪಕ್ಕ ಅಲ್ಲಲ್ಲಿ ಕಾಡು ಸವರಿ ಬೆಳಕು ಕೊಟ್ರೆ ಮರಿ ಏಳುತ್ತೆ ಅಂತ ಸಭೇಲಿ ಹೇಳ್ತೀನಿ. ಆದ್ರೆ ನಾನು ಹೇಳಿದ್ರೆ ನಂಬ್ತಾರಾ? 'ಮಕಾರಿಯೊ ಹೀಗೆ ಕಲಿಸ್ಲಿಲ್ವಲ್ಲ' ಅಂತಾರೆ."

ಮೇಲೆಲ್ಲೋ ಕೂಗುಮಂಗಗಳು ಗದ್ದಲ ಎಬ್ಬಿಸಿದವು. ಅದು ಅಡಗಿತು. ಮಕಾರಿಯೊ ಲಿಚೊನ ಕಡೆ ಕೈ ಚಾಚಿದ, ಎಬ್ಬಿಸು ಅಂತ.

"ನಾಳೆ ನಾನೇ ಹೇಳ್ತೀನಿ," ಅಂದ. "ನೀನು ನನ್ನ ಪಕ್ಕ ಕೂತ್ಕೋ ಲಿಚೊ. ನಾನು ಮಧ್ಯದಲ್ಲಿ ಮಾತು ನಿಲ್ಲಿಸಿಬಿಟ್ರೆ ತಿವಿ."

"ಎಷ್ಟು ಜೋರಾಗಿ?"

"ಇಷ್ಟು ವರ್ಷ ಬೈದಿದ್ದೀನಲ್ಲ, ಅಷ್ಟು ಜೋರಾಗಿ."